ಸೀರೆ ತೊಟ್ಟಿಲಲ್ಲಿ ಪೆಟ್ರೋಲ್ ಟ್ಯಾಂಕು

ಈ ಬೆಳಿಗ್ಗೆ ಯಾದಗಿರಿಯ ನಮ್ಮ ಮನೆಯಲ್ಲಿ ಹೆಂಡತಿ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆ ಹುಳಿ ವಾಸನೆಗೆ ನಿಮಗೆ ಸಾರು ನೆನಪಾಗಬಹುದು. ನನಗೆ ನೆನಪಾಗುವುದು ಕಾರಿನ ಪೆಟ್ರೋಲ್ ಟ್ಯಾಂಕು.

ಆಗ ಸುರಪುರದಲ್ಲಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅವರ ಕಾರು ಬೇವಿನ ಮರದ ಕೆಳಗೆ ಆರು ಮಳೆಗಾಲ ನಿಂತಿತ್ತು. ಊರ ಕಾಲುವೆಯಲ್ಲಿ ಹೂಳು ತುಂಬಿದರೆ ಪತ್ರಿಕೆಗೆ ವರದಿ ಕಳಿಸುತ್ತಿದ್ದ ನಾನು, ಮನೆಯಂಗಳದ ಕಾರಿನಲ್ಲಿ ತುಂಬಿದ್ದ ತುಕ್ಕನ್ನು ಬಗ್ಗಿಯೂ ನೋಡಿರಲಿಲ್ಲ. ಅದು ಮತ್ತೆ ಓಡಬೇಕೆಂದು ಹಟ ಹಿಡಿದವಳು ಅಕ್ಕ. ಹುಣಸಗಿಯ ಆಚೆಗಿನ ಶಾಲೆಗೆ ಮೂವತ್ತು ವರ್ಷ ಬಸ್ಸಿನಲ್ಲಿ ಹೋಗಿಬಂದ ಟೀಚರು. ಆ ತಿಂಗಳ ಕೊನೆಗೆ ನಿವೃತ್ತಿ.

“ಕಡೀ ದಿನ ಬಸ್ಸಿಗಿ ಕಾಯಂಗಿಲ್ಲ ನೋಡು ತಮ್ಮಾ. ಅಪ್ಪನ ಗಾಡ್ಯಾಗ ಮನಿಗಿ ಬರ್ತೀನಿ,” ಎಂದಳು. ನನಗೆ ತಿಳಿದಂತೆ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ಮೆಕ್ಯಾನಿಕ್ ಮೌಲಾಲಿ ಚಾಚಾ ಟ್ಯಾಂಕಿನೊಳಗೆ ಕಡ್ಡಿ ಅದ್ದಿ ಮೂಸಿದರು. “ಪೇಪರ್ ಸಾಹೇಬ್ರ, ಇದು ಪೆಟ್ರೋಲ್ ಅಲ್ಲ, ಕಷಾಯ ಆಗ್ಯಾದ. ಎರಡ ಚಮಚ ಕುಡದ್ರ ನೆಗಡಿ ಹೋಗ್ತದ.”

ಅಷ್ಟು ಹಳೆಯ ಕಾರಿಗೆ ಹೊಸ ಟ್ಯಾಂಕು ಸಿಗುತ್ತಿರಲಿಲ್ಲ. ತುಕ್ಕು ತಿಂದ ಪೈಪುಗಳನ್ನು ಚಾಚಾ ಬದಲಿಸಿ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಬಿಚ್ಚಿಟ್ಟ ಟ್ಯಾಂಕಿನ ಕೆಲಸ ನಮ್ಮ ಪಾಲಿಗೆ ಬಂತು: ತುಕ್ಕು ಬಿಡಲು ಒಳಗೆ ಹುಣಸೆನೀರು ಹೊಯ್ದು, ಹಳೆಯ ಸೈಕಲ್ ಚೈನು ಇಳಿಬಿಟ್ಟು, ಎರಡು ದಿನ ಅಲ್ಲಾಡಿಸಬೇಕು.

“ಹುಣಸೆನೀರು ಸೋಸಿ ಹಾಕು,” ಎಂದು ಅಕ್ಕ ಶಾಲೆಗೆ ಹೋದಳು. ಟ್ಯಾಂಕೇನು ಊಟ ಮಾಡುತ್ತದೆಯೇ ಎಂದುಕೊಂಡು ನಾನು ಕಿವುಚಿದ್ದನ್ನು ಹಾಗೇ ಸುರಿದೆ.

ಅಲ್ಲಾಡಿಸಿ ಅಲ್ಲಾಡಿಸಿ ನನ್ನ ರಟ್ಟೆ ಬಿದ್ದುಹೋದಾಗ ಉಪಾಯ ಹುಡುಕಿದವಳೂ ಅಕ್ಕನೇ. ಬೇವಿನ ಕೊಂಬೆಗೆ ಹಳೆಯ ಸೀರೆಯ ತೊಟ್ಟಿಲು ಕಟ್ಟಿ ಟ್ಯಾಂಕನ್ನು ಮಲಗಿಸಿದಳು. ಒಂದು ಕೈಯಲ್ಲಿ ಉತ್ತರಪತ್ರಿಕೆ, ಇನ್ನೊಂದು ಕೈಯಲ್ಲಿ ತೊಟ್ಟಿಲ ಹಗ್ಗ. ಒಳಗಿನ ಚೈನು ಗಡಗಡ ಸದ್ದು ಮಾಡುತ್ತಿತ್ತು.

ಪಕ್ಕದ ಮನೆಯ ನಿಂಗಮ್ಮ ಗೋಡೆಯ ಮೇಲಿಂದ ಇಣುಕಿದಳು. “ಯಾರ ಕೂಸ್ರಿ ಟೀಚರ್ರ, ಭಾಳ ಗದ್ದಲ ಮಾಡಾಕತ್ತದಲ್ಲ?”

“ನಮ್ಮ ತಮ್ಮಂದು. ಹಲ್ಲು ಬರಾಕತ್ತಾವ,” ಎಂದಳು ಅಕ್ಕ, ಉತ್ತರಪತ್ರಿಕೆಯಿಂದ ತಲೆ ಎತ್ತದೆ.

ಟ್ಯಾಂಕನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಕೂರಿಸಿದೆವು. ಕೊನೆಯ ದಿನ ಶಾಲೆಯ ಮುಂದೆ ಕಾರು ನಿಲ್ಲಿಸಿದಾಗ ಮಕ್ಕಳು ಅದರ ಸುತ್ತ ಮೂರು ಸುತ್ತು ಹಾಕಿದರು. ಅಕ್ಕ ಬೀಳ್ಕೊಡುಗೆಯ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಹುಣಸಗಿ ದಾಟಿ ನಾಲ್ಕು ಮೈಲಿ ಬಂದಿದ್ದೆವು. ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಬಾನೆಟ್ ಎತ್ತಿ ಫಿಲ್ಟರ್ ಬಿಚ್ಚಿದೆ. ಒಳಗೆ ಕಂದು ಬಣ್ಣದ ನಾರು ಉಂಡೆಗಟ್ಟಿತ್ತು. ಹುಣಸೆ ನಾರು. ಎಷ್ಟು ಹಣ್ಣು, ಎಷ್ಟು ನೀರು, ಎಷ್ಟು ಹೊತ್ತು ನೆನೆಸಿದ್ದು ಎಲ್ಲವನ್ನೂ ನಾನು ಡೈರಿಯಲ್ಲಿ ಬರೆದಿದ್ದೆ. ಸೋಸಿದ್ದನ್ನು ಬರೆದಿರಲಿಲ್ಲ, ಸೋಸಿರಲಿಲ್ಲವಲ್ಲ.

ಅಷ್ಟರಲ್ಲಿ ಅವಳು ದಿನಾ ಹೋಗಿಬರುತ್ತಿದ್ದ ಬಸ್ಸೇ ಬಂದು ಪಕ್ಕದಲ್ಲಿ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ಹೇಳಿದ: “ಹತ್ರಿ ಟೀಚರ್ರ, ನಿಮ್ಮ ಕಿಡಕಿ ಸೀಟು ಖಾಲಿನೇ ಅದ.”

ನನಗೆ ತಲೆ ಎತ್ತಲಾಗಲಿಲ್ಲ. “ಹೋಗು ಅಕ್ಕಾ,” ಎಂದೆ.

ಅಕ್ಕ ಸೀಟು ಬಿಟ್ಟು ಏಳಲಿಲ್ಲ. “ನೀ ನಡಿಯಪ್ಪ,” ಎಂದು ಕಂಡಕ್ಟರಿಗೆ ಹೇಳಿದಳು. “ಮೂವತ್ತು ವರ್ಷ ನಿನ್ನ ಬಸ್ಸಿಗಿ ಕಾದೀನಿ. ಇವತ್ತ ನಮ್ಮ ಗಾಡಿಗಿ ಕಾಯ್ತೀನಿ.” ಆಮೇಲೆ ನನ್ನ ಕಡೆ ತಿರುಗಿ ತಲೆಯ ಪಿನ್ನು ಕಿತ್ತು ಕೊಟ್ಟಳು. “ಇದರಿಂದ ತೆಗಿ. ಸೋಸಿಲ್ಲ ಹೌದಿಲ್ಲೊ?”

ದಾರಿಯಲ್ಲಿ ಇನ್ನೂ ಎರಡು ಸಲ ನಿಂತೆವು. ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಆದರೂ ಅಪ್ಪನ ಗಾಡಿಯಲ್ಲೇ ಬಂದಳು.

ಈಗ ಕಾರು ಅಕ್ಕನ ಬಳಿಯೇ ಇದೆ, ನಡೆಸುವವಳೂ ಅವಳೇ. ಕೊಡ ತಿಕ್ಕುವ ಸದ್ದಿನ ನಡುವೆಯೇ ಅವಳಿಗೆ ಫೋನ್ ಹಚ್ಚಿದೆ. ಶಹಾಪುರದ ದಾರಿಯಲ್ಲಿ ಗಾಡಿ ನಿಂತಿದೆಯಂತೆ.

“ಬರ್ಲೇನು?” ಎಂದು ಚಪ್ಪಲಿ ಮೆಟ್ಟಿಕೊಂಡೆ.

“ಬ್ಯಾಡೋ. ನೆರಳಿಗಿ ಕುಂತೀನಿ. ಲಗೂನ ಹೋಗಿ ನಾ ಏನು ಸಾಲಿ ಗಂಟಿ ಹೊಡೀಬೇಕಾಗ್ಯಾದೇನು?”

ನಾನೂ ಚಪ್ಪಲಿ ಬಿಟ್ಟು ಕುಳಿತೆ.