ಅಮ್ಮನ ಮುಂಗೈಯ ಎಕ್ಸರೇ

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಬಸ್ ಡ್ರೈವರನ ಮಗಳು ಡಿಗ್ರಿಗೆ ಆರಿಸಿಕೊಂಡ ವಿಷಯ ಹಾಗಿತ್ತು. ವಿಧಿವಿಜ್ಞಾನ ಮಾನವಶಾಸ್ತ್ರ. ಮೂಳೆ ನೋಡಿ ಸತ್ತವರು ಯಾರು, ಅವರಿಗೆ ಏನಾಗಿತ್ತು ಎಂದು ಹೇಳುವ ಓದು. ನೆಂಟರೆಲ್ಲ ಮೂಗು ಮುರಿದರು. ಚಿಕ್ಕಮ್ಮನಂತೂ 'ಮೂಳೆಮ್ಮ' ಎಂದೇ ಹೆಸರಿಟ್ಟಳು. ಬೆನ್ನಿಗೆ ನಿಂತವನು ಅಪ್ಪ ಒಬ್ಬನೇ. "ನನ್ನ ಮಗಳು ಏನ್ ಓದಿದ್ರೂ ಸರಿಯಾಗೇ ಓದ್ತಾಳೆ" ಎಂದು ಎಲ್ಲರ ಬಾಯಿ ಮುಚ್ಚಿಸಿದ. ಅವಳಿಗೆ ನೆನಪಿರುವಷ್ಟು ಕಾಲ ಅವನು ಅವಳ ಮೇಲೆ ದನಿ ಎತ್ತಿದವನಲ್ಲ. ಅಪ್ಪನೆಂದರೆ ಅವಳಿಗೆ ಪ್ರಾಣ.

ಎರಡನೇ ವರ್ಷದಲ್ಲಿ ಮೇಡಂ ಒಂದು ಅಭ್ಯಾಸ ಮಾಡಿಸುತ್ತಿದ್ದರು. ಎಲ್ಲರೂ ಮನೆಯಿಂದ ಹಳೆಯ ಎಕ್ಸರೇ ತರಬೇಕು. ಹೆಸರಿನ ಮೇಲೆ ಪಟ್ಟಿ ಅಂಟಿಸಿ ದೀಪದ ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ಬೇರೆಯವರು ಅದನ್ನು ಓದಿ ಮುಗಿಸುವ ತನಕ ತಂದವರು ತುಟಿ ಪಿಟಕ್ಕೆನ್ನಬಾರದು, ಕೊನೆಗೆ ನಿಜ ಸಂಗತಿ ಹೇಳಬೇಕು. ಇವಳು ಬೀರುವಿನ ತಳದಿಂದ ಅಮ್ಮನ ಎಡ ಮುಂಗೈಯದನ್ನು ಹುಡುಕಿ ತಂದಳು. ಅಮ್ಮನನ್ನು ಒಂದು ಮಾತು ಕೇಳದೆಯೇ ತಂದಳು, ಮಹಾ ಜಾಣೆ. ಕಥೆ ಹೇಗೂ ಬಾಯಿಪಾಠವಿತ್ತು: ಅಮ್ಮ ಮೆಟ್ಟಿಲಿಂದ ಬಿದ್ದಿದ್ದಳು.

ಮುಂದಿನ ಬೆಂಚಿನ ಹುಡುಗಿ ಎದ್ದು ಓದಿದಳು. "ಕಿರುಬೆರಳಿನ ಕಡೆ ಮೂಳೆ, ಮಧ್ಯದಲ್ಲಿ ಅಡ್ಡಕ್ಕೆ ಮುರಿದಿದೆ. ಪಕ್ಕದ ಮೂಳೆಗೆ ಏನೂ ಆಗಿಲ್ಲ. ಇದು ಹೊಡೆತ ಮೇಡಂ. ಕೈ ಅಡ್ಡ ಹಿಡಿದಿದಾರೆ."

ಮೇಡಂ ತಲೆಯಾಡಿಸಿ ಇವಳತ್ತ ತಿರುಗಿದರು. "ಹೇಳಮ್ಮ, ಏನಾಗಿತ್ತು?"

"ಮೆಟ್ಟಿಲಿಂದ ಬಿದ್ದಿದ್ದು," ಎಂದಳು.

ಬೀಳುವವರು ಅಂಗೈ ಊರುತ್ತಾರೆ, ಹೆಚ್ಚಾಗಿ ಮುರಿಯುವುದು ಮಣಿಕಟ್ಟು. ಹೋದ ವಾರವಷ್ಟೇ ಅದನ್ನು ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಹತ್ತು ತೆಗೆದವಳು ಇವಳೇ. ಮೇಡಂ ಬೇರೇನೂ ಕೇಳದೆ ದೀಪ ಆರಿಸಿದರು.

ಮನೆಗೆ ಬಂದಾಗ ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಗಳು ಎಕ್ಸರೇಯನ್ನು ಬಟ್ಟೆಯ ಮೇಲಿಟ್ಟಳು.

"ಅಪ್ಪ ನಿಂಗೆ ಹೊಡೀತಿದ್ರಾ?"

"ಮೆಟ್ಟಿಲಿಂದ ಬಿದ್ದೆ ಅಂತ ಎಷ್ಟು ಸಲ ಹೇಳೋದು ನಿಂಗೆ?"

"ಮೆಟ್ಟಿಲಿಂದ ಬಿದ್ರೆ ಹೀಗೆ ಮುರಿಯಲ್ಲಮ್ಮ."

ಅಮ್ಮ ಬಹಳ ಹೊತ್ತು ಅಪ್ಪನ ಅಂಗಿಯ ಕಾಲರು ಸರಿಮಾಡುತ್ತ ಕುಳಿತಳು.

"ನಂಗೆ ಯಾವತ್ತೂ ಹೊಡೆದಿಲ್ಲ ಅವರು," ಎಂದಳು ಕೊನೆಗೆ. "ಆವತ್ತೂ ಅಷ್ಟೇ. ನಿಂಗಾಗ ಹತ್ತು ತಿಂಗಳು. ಜ್ವರ ಬಂದು ಮೂರು ದಿನದಿಂದ ಒಂದೇ ಸಮನೆ ಅಳ್ತಿದ್ದೆ ನೀನು. ಅವರು ಕುಡ್ಕೊಂಡು ಬಂದಿದ್ರು. ಕೈಗೆ ಸಿಕ್ಕ ದೊಣ್ಣೆ ತಗೊಂಡು ತೊಟ್ಟಿಲ ಮೇಲೆ ಎತ್ತಿದ್ರು. ನಾನು ಕೈ ಅಡ್ಡ ಇಟ್ಟೆ."

ಎಂಥ ಬಲವಾದ ಏಟಿಗೆ ದೊಡ್ಡವರ ಆ ಮೂಳೆ ಮುರಿಯುತ್ತದೆ ಎಂದು ಮಗಳಿಗೆ ಗೊತ್ತಿತ್ತು. ಹತ್ತು ತಿಂಗಳ ಕೂಸಿನ ತಲೆಬುರುಡೆ ಎಷ್ಟು ತೆಳು ಎಂದೂ ಗೊತ್ತಿತ್ತು.

"ಮಾರನೇ ದಿನದಿಂದ ಒಂದು ತೊಟ್ಟೂ ಮುಟ್ಟಿಲ್ಲ ಅವರು. ನಿಂಗೆ ಗೊತ್ತಾದ್ರೆ ತಾನು ಬದುಕಿರಲ್ಲ ಅಂದಿದಾರೆ."

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಅಮ್ಮ ಎಕ್ಸರೇಯನ್ನು ಅಂಗಿಯ ಕೆಳಗೆ ತಳ್ಳಿ ಮಗಳಿಗೆ ಕೈ ಮುಗಿದಳು.