ಎತ್ತಿದ್ದು ನಾವೇ

ಕಳೆದ ವರ್ಷ ಮಳೆ ಹಿಡಿಯುವುದಕ್ಕೆ ಒಂದು ವಾರ ಮುಂಚಿನ ಭಾನುವಾರ. ಕಕ್ಕಿಂಜೆಯ ನಮ್ಮ ಮನೆಯ ಹಿಂದಿನ ಹಲಸಿನ ಮರದ ಗೆಲ್ಲೊಂದು ಮಾಡಿನ ಹಂಚಿನ ಮೇಲೆ ಬಾಗಿತ್ತು. ಅದನ್ನು ಕಡಿಯಲು ಹತ್ತಿದ ನನ್ನ ತಮ್ಮ ವಸಂತ ಗೆಲ್ಲಿನ ಜೊತೆಗೇ ಕೆಳಗೆ ಬಂದ. ಎಚ್ಚರ ಇತ್ತು. "ಸೊಂಟ, ಸೊಂಟ" ಎನ್ನುತ್ತಿದ್ದ.

ನನ್ನ ಹೆಂಡತಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. "ಇಪ್ಪತ್ತು ನಿಮಿಷದಲ್ಲಿ ಬರ್ತಾರಂತೆ. ಅಲ್ಲಿವರೆಗೆ ಅಲುಗಾಡಿಸಬಾರದಂತೆ" ಎಂದಳು.

ನಮ್ಮ ಊರಿನ ಒಂದು ಗುಣ ಇಲ್ಲಿ ಹೇಳಬೇಕು. ಯಾರಾದರೂ ಬಿದ್ದರೆ ಕರೆಯದೆಯೇ ಹತ್ತು ಜನ ಓಡಿ ಬರುತ್ತಾರೆ. ಬಂದವರು ಮೊದಲು ಮಾಡುವ ಕೆಲಸವೇ ಎತ್ತುವುದು. ಬಿದ್ದವನನ್ನು ನೆಲದಲ್ಲಿ ಬಿಟ್ಟು ನೋಡುತ್ತ ನಿಂತವನು ಮನುಷ್ಯನೇ ಅಲ್ಲ ಎಂದು ಹಿರಿಯರ ಬಾಯಲ್ಲಿ ಕೇಳಿ ಬೆಳೆದವನು ನಾನು.

"ಇಪ್ಪತ್ತು ನಿಮಿಷ ನೋಡ್ತಾ ಕೂತ್ಕೊಳ್ಳುವುದಾ? ಜೀಪು ತೆಗಿ ಮಾರಾಯ" ಎಂದು ನೆರೆಮನೆಯ ಹಮೀದನಿಗೆ ಹೇಳಿದೆ. ನಾನು ಹೆಗಲು ಹಿಡಿದೆ, ಓಡಿ ಬಂದವರಲ್ಲಿ ಇಬ್ಬರು ಕಾಲು ಹಿಡಿದರು, ನಡು ಜೋತು ಬಿತ್ತು. ವಸಂತ ಕೂಗಿದ. "ಸ್ವಲ್ಪ ತಡ್ಕೊ" ಎನ್ನುತ್ತ ಅವನನ್ನು ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದೆವು.

ಉಜಿರೆ ಮುಟ್ಟುವ ಮುಂಚೆಯೇ ಆಂಬ್ಯುಲೆನ್ಸ್ ಎದುರಾಯಿತು. ಹಮೀದ ಕೈ ತೋರಿಸಿ ನಿಲ್ಲಿಸಿದ. ಇಳಿದು ಬಂದ ಸಣಕಲು ಮೈಯವರೊಬ್ಬರು ಜೀಪಿನೊಳಗೆ ಇಣುಕಿ, "ಯಾರು ಎತ್ತಿದ್ದು?" ಎಂದು ಕೇಳಿದರು.

"ನಾವೇ. ನೀವು ನರ್ಸಾ?"

"ಅಲ್ಲ. ಆಂಬ್ಯುಲೆನ್ಸಿನ ಟೆಕ್ನಿಷಿಯನ್."

"ಹಾಗಾದ್ರೆ ಮುಟ್ಟುವುದು ಬೇಡ. ನಮ್ಮ ಸೊಸೆ ನರ್ಸ್, ಅವಳತ್ರ ಕೇಳುವ."

"ಕೇಳಿ. ಬೇಗ ಕೇಳಿ" ಎಂದವರು ನನ್ನ ಮಾತಿಗೆ ಕಾಯದೆ ವಸಂತನ ತಲೆಯನ್ನು ಎರಡೂ ಕೈಯಲ್ಲಿ ಅಲುಗದ ಹಾಗೆ ಹಿಡಿದುಕೊಂಡರು.

ಸೊಸೆ ಶ್ವೇತಾ ಮೂಡುಬಿದಿರೆಯ ಆಸ್ಪತ್ರೆಯೊಂದರಲ್ಲಿ ಡ್ಯೂಟಿಯಲ್ಲಿದ್ದಳು. ಫೋನಿನಲ್ಲಿ ಎಲ್ಲ ಕೇಳಿ ಹೇಳಿದಳು: "ಮಾವ, ಅವರು ಹೇಳಿದ ಹಾಗೆ ಮಾಡಿ. ನಾನು ನಾಲ್ಕು ವರ್ಷ ಕಲಿತದ್ದು ಬೆಡ್ಡಿಗೆ ಬಂದವರನ್ನು ನೋಡಿಕೊಳ್ಳಲಿಕ್ಕೆ. ಬಿದ್ದಲ್ಲಿಂದ ಬೆಡ್ಡಿಗೆ ಮುಟ್ಟಿಸ್ಲಿಕ್ಕೆ ಕಲಿತವರು ಅವರು. ನಾನಲ್ಲಿ ಇದ್ದಿದ್ರೂ ಅವರತ್ರವೇ ಕೇಳ್ತಿದ್ದೆ."

ಟೆಕ್ನಿಷಿಯನ್ ವಸಂತನ ಕುತ್ತಿಗೆಗೆ ಪಟ್ಟಿ ಕಟ್ಟಿದರು. "ನಾನು ಹೇಳುವವರೆಗೆ ಯಾರೂ ಎತ್ತಬೇಡಿ" ಎಂದು ನಮ್ಮನ್ನು ನಿಲ್ಲಿಸಿ, ಒಂದೇ ಎಣಿಕೆಗೆ ಎಲ್ಲರಿಂದ ಅವನನ್ನು ಸ್ಟ್ರೆಚರಿನ ಹಲಗೆಗೆ ಜಾರಿಸಿದರು. ಈ ಸಲ ಅವನ ನಡು ಜೋಲಲಿಲ್ಲ. ದಾರಿಯಲ್ಲಿ ಅವನ ಕಾಲಿನ ಹೆಬ್ಬೆರಳು ಒತ್ತಿ, "ಗೊತ್ತಾಗ್ತದಾ?" ಎಂದು ಕೇಳಿದರು. "ಇಲ್ಲ" ಎಂದ ವಸಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. "ಇಲ್ಲ." ಅವರು ಕಾಗದದಲ್ಲಿ ಏನೋ ಬರೆದುಕೊಂಡರು. ನನ್ನ ಮುಖ ನೋಡಲಿಲ್ಲ.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಕಾಲಿಗೆ ಸ್ವಾಧೀನ ಬರಲಿಲ್ಲ. ಬಿದ್ದದ್ದರಿಂದಲೋ ನಾವು ಎತ್ತಿದ್ದರಿಂದಲೋ ಎಂದು ಡಾಕ್ಟರರನ್ನು ಕೇಳಿದೆ. "ಹೇಳ್ಲಿಕ್ಕೆ ಆಗುವುದಿಲ್ಲ" ಎಂದರು. ಆ ಒಂದು ಮಾತನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ಅನ್ನ ತಿಂದೆ.

ಮನೆಗೆ ತಂದ ಮೇಲೆ ಶ್ವೇತಾಳ ಕೆಲಸ ಶುರುವಾಯಿತು. ಬೆನ್ನಿನಲ್ಲಿ ಹುಣ್ಣಾಗದ ಹಾಗೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಮೂತ್ರದ ನಳಿಗೆಯನ್ನು ಶುಚಿಯಾಗಿ ಇಡುವುದು, ಎಲ್ಲ ಕೈ ಹಿಡಿದು ಕಲಿಸಿದಳು. ಮೊನ್ನೆ ಹಾಗೆ ಮಗ್ಗುಲು ಬದಲಿಸುವಾಗ ವಸಂತ ಕೇಳಿದ: "ಅಣ್ಣ, ಮರದ ಬುಡದಲ್ಲಿ ಬಿದ್ದಿದ್ದಾಗ ನನ್ನ ಕಾಲು ಅಲ್ಲಾಡ್ತಿತ್ತಾ?"

ಅವನು ಒಂದು ಮೊಣಕಾಲು ಮಡಚಿದ್ದನ್ನು ನಾನು ಕಂಡಿದ್ದೆ. ಡಾಕ್ಟರರಿಗೂ ಹೇಳಿರಲಿಲ್ಲ.

"ಹೌದು. ನೀನು ಒಂದು ಸಲ ಮಡಚಿದ್ದೆ" ಎಂದೆ.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಎತ್ತದೆ ಇದ್ದಿದ್ರೆ ನಾನೇ ನಿನಗೆ ಬೈತಿದ್ದೆ" ಎಂದ.

ನನ್ನ ಸಮಾಧಾನಕ್ಕೆಂದು ಹೇಳಿದ್ದು. ಅವನು ಬೈತಿದ್ದ ಎನ್ನುವುದೂ ನಿಜವೇ. ಬೈಸಿಕೊಳ್ಳುತ್ತ ಇಪ್ಪತ್ತು ನಿಮಿಷ ಅವನ ಪಕ್ಕದಲ್ಲಿ ಕೂತಿರಬೇಕಿತ್ತು. ಅಣ್ಣನಾಗಿ ನಾನು ಮಾಡಬೇಕಿದ್ದದ್ದು ಅಷ್ಟೇ.