ಶಾಂತತ್ತೆ ಶಾಲೆ ತಪ್ಪಿಸಿದ ದಿನ

ಮೊನ್ನೆ ಪಕ್ಕದ ಮನೆಯವರು ಅಂಗಳದ ಕಟ್ಟೆಗೆ ಸೇಡಿ ಬಳಿಯುತ್ತಿದ್ದರು. ಒದ್ದೆಯಾದ ಬಿಳಿ ಸೇಡಿಮಣ್ಣು ಬಿಸಿಲಿಗೆ ಆರುವಾಗ ಬರುವ ತಣ್ಣನೆಯ, ತುಸು ಒಗರಾದ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಂತಿತು. ನಿಮಗೂ ಇಂಥದೊಂದು ವಾಸನೆ ಇದ್ದೀತು, ಇಲ್ಲದ ಮನೆಯೊಂದರ ಬಾಗಿಲು ತೆರೆಯುವಂಥದು. ನನಗೆ ತೆರೆದದ್ದು ಕಾಶಿಯ ಭೇಲೂಪುರದಲ್ಲಿ ನಾವು ಬಾಡಿಗೆಗಿದ್ದ ಮನೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಅದರ ನಡು ಅಂಗಳದಲ್ಲಿ ಮಸಿ ಬಳಿದ ಮರದ ಹಲಗೆಗಳು ಗೋಡೆಗೊರಗಿ ಆರುತ್ತಿದ್ದವು. ಪಕ್ಕದಲ್ಲಿ ಸೇಡಿನೀರು ತುಂಬಿದ ಸಣ್ಣ ಕುಡಿಕೆಗಳು, ಅವುಗಳಲ್ಲಿ ಜೊಂಡಿನ ಲೇಖನಿಗಳು. ಆ ಕಡೆಯ ಮಕ್ಕಳು ಕಪ್ಪು ಹಲಗೆಯ ಮೇಲೆ ಹೀಗೆ ಬಿಳಿ ಅಕ್ಷರ ತಿದ್ದುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ತಿದ್ದುತ್ತಿದ್ದವರು ಅರವತ್ತರ ಅಂಚಿನಲ್ಲಿದ್ದ ನನ್ನ ಸೋದರತ್ತೆ.

ಶಾಂತತ್ತೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಶಿಕ್ಷಕಿಯರಾಗುವ ಹುಡುಗಿಯರಿಗೆ ಪಾಠ ಹೇಳುವುದರಲ್ಲೇ ಧಾರವಾಡದಲ್ಲಿ ಅವಳ ಆಯುಷ್ಯ ಕಳೆದಿತ್ತು. ಅಪ್ಪನಿಗೆ ಕಾಶಿಯ ವಿಶ್ವವಿದ್ಯಾಲಯದಲ್ಲಿ ಕೆಲಸ. ನಿವೃತ್ತಳಾದ ಮೇಲೆ ಅವಳು ನಮ್ಮಲ್ಲಿಗೆ ಬಂದಳು. ಮುದುಕಿ ಪುಣ್ಯ ಕಟ್ಟಿಕೊಳ್ಳಲು ಹೋದಳು ಎಂದು ಊರಲ್ಲಿ ಎಲ್ಲರೂ ಅಂದುಕೊಂಡರು. ಆದರೆ ವಿಶ್ವನಾಥನ ಗುಡಿಗೆ ಅವಳು ಹೋದದ್ದು ಕಡಿಮೆಯೇ. ಕೆಲಸವಿಲ್ಲದ ಅವಳ ಕೈಗಳು ಮೊದಮೊದಲು ಮನೆಯಲ್ಲಿ ತಡಕಾಡುತ್ತಿದ್ದವು. ಅವ್ವ ಒಗೆದ ಬಟ್ಟೆಯನ್ನು ಮತ್ತೆ ಮಡಚುತ್ತಿದ್ದಳು, ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ನಾನೋ ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ಹಿಂದಿ. ಸಿಟ್ಟು ಬಂದರೆ ಒಳಗೂ ಹಿಂದಿಯೇ. ಅತ್ತೆಗೆ ಹಿಂದಿ ಬರುತ್ತಿರಲಿಲ್ಲ. ಹಾಗಾಗಿ ಅವಳು ಹೋದಲ್ಲೆಲ್ಲ ನಾನು ಅವಳ ನಾಲಗೆಯಾಗಿ ಹೋಗುತ್ತಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ ಅಸ್ಸಿ ಘಾಟಿನಿಂದ ರಾಮಧನಿಯ ದೋಣಿಯಲ್ಲಿ ಹೊರಟಿದ್ದೆವು. ಅವನು ನದಿಯಾಚೆ ರಾಮನಗರದ ಕಡೆಯ ಅಂಬಿಗರ ಕೇರಿಯವನು, ಅಲ್ಲಿನವರು ಬಸ್ತಿ ಎನ್ನುವ ಕೇರಿ. ದೋಣಿಯ ಮೂಲೆಯಲ್ಲಿ ಅವನ ಮಗಳು ಫೂಲಮತಿ ಕೂತು ಕಡಲೆಪೊಟ್ಟಣದ ಹರಿದ ಕಾಗದವನ್ನು ತಮ್ಮ ತಂಗಿಯರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಓದುತ್ತ ಓದುತ್ತ ನಡುವೆ ನಿಲ್ಲಿಸಿ, ಮುಂದೇನಾಯಿತು ಹೇಳಿ ನೋಡೋಣ ಎಂದು ಅವರನ್ನೇ ಕೇಳುತ್ತಿದ್ದಳು. ಅತ್ತೆ ಗಂಗೆಯನ್ನು ನೋಡುವುದು ಬಿಟ್ಟು ಅವಳನ್ನೇ ನೋಡಿದಳು.

"ಬಿಟಿಯಾ ಹಾಈಸ್ಕೂಲ್ ಪಾಸ್ ಹೈ, ಅಮ್ಮಾಜೀ," ಎಂದ ರಾಮಧನಿ ಹೆಮ್ಮೆಯಿಂದ. "ಅಬ್ ಬ್ಯಾಹ್ ಹೋಈ." ಮಗಳು ಹೈಸ್ಕೂಲು ಪಾಸು, ಇನ್ನು ಮದುವೆ, ಅಷ್ಟೆ.

"ಲಗ್ನ ಆಗಲಿ, ಅದಕ್ಕೇನು," ಎಂದಳು ಅತ್ತೆ. "ಅಲ್ಲೀತನಕ ನನ್ನ ಕಡೆ ಕಳಸಂತ ಹೇಳು, ಸುಮೀ. ಇಕಿ ಮಾಸ್ತರತಿ ಆಗ್ತಾಳ. ಇವರ ಓಣ್ಯಾಗ, ಇವರ ಹುಡುಗೂರಿಗೆ."

ಬಸ್ತಿಯ ಮಕ್ಕಳು ಶಾಲೆಗೆ ಹೋಗುತ್ತಿದ್ದುದು ಅಪರೂಪ. ಶಾಲೆ ದೂರ, ಹೋದ ಕೆಲವರೂ ಬೈಸಿಕೊಂಡು ಹಿಂದಿರುಗುತ್ತಿದ್ದರು. ರಾಮಧನಿ ಒಪ್ಪಿದ. ಫೂಲಮತಿ ಒಬ್ಬಳೇ ಬರುವುದು ಬೇಡವೆಂದು ಜೊತೆಗೆ ಓಣಿಯ ಉಷಾಳನ್ನೂ ಕಳಿಸಿದ. ಫೂಲಮತಿ ಸಿಡಿಮದ್ದು. ಉಷಾ ಬಾಯಿ ತೆರೆದದ್ದನ್ನು ಮೊದಲ ವಾರ ನಾವು ಯಾರೂ ಕಾಣಲಿಲ್ಲ.

ಕಲಿಸುವುದು ಹೇಗೆಂದು ಅತ್ತೆ ಅವರಿಗೆ ಉಪದೇಶ ಮಾಡಲಿಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ನನಗ ನಿಮ್ಮ ಅಕ್ಷರ ಬರಂಗಿಲ್ಲ, ಕಲಸ್ರಿ," ಎಂದುಬಿಟ್ಟಳು. ಮೊದಲು ಅದೊಂದು ಆಟವೆಂದುಕೊಂಡೆ. ಆದರೆ ಅವಳಿಗೆ ನಿಜಕ್ಕೂ ಬರುತ್ತಿರಲಿಲ್ಲ. ಬಿಳಿ ಅಕ್ಷರ ಸೊಟ್ಟಗಾಗಿ ಹರಿಯುತ್ತಿತ್ತು, ನಾಗರಿಯ 'ಭ'ಗೂ 'ಮ'ಗೂ ದಿನವೂ ಗೊಂದಲ. ಒಂದು ಮಧ್ಯಾಹ್ನ ಫೂಲಮತಿಯ ಸಹನೆ ತೀರಿತು. "ಕಿತ್ನೀ ಬಾರ್ ಬತಾಊಂ?" ಎಷ್ಟು ಸಲ ಹೇಳಲಿ ಎಂದು ಕೂಗಿ, ಅತ್ತೆಯ ಕೈಯಿಂದ ಲೇಖನಿ ಕಿತ್ತುಕೊಂಡಳು. ಅಡುಗೆಮನೆಯಿಂದ ಅವ್ವ ಇಣುಕಿದಳು. ಅತ್ತೆ ಮೆಲ್ಲಗೆ ಎದ್ದು ಸೆರಗು ಕೊಡವಿ, "ನಾಳಿಂದ ನಾ ಸಾಲಿಗೆ ಬರಂಗಿಲ್ಲಂತ ಹೇಳು," ಎಂದು ಒಳಗೆ ಹೋದಳು.

ಮರುದಿನ ಹುಡುಗಿಯರು ಬಂದಾಗ ಅವಳ ಕೋಣೆಯ ಬಾಗಿಲು ಮುಚ್ಚಿತ್ತು. ಅವ್ವ ಕರೆದಳು, ನಾನು ಕರೆದೆ. ಫೂಲಮತಿ ಹೊರಗೆ ನಿಂತು ಕ್ಷಮೆ ಕೇಳಿದಳು, "ಮಾಫ್ ಕರ್ ದೀಜಿಯೇ, ಅಮ್ಮಾಜೀ," ಎಂದು, ತಿದ್ದಿ ತೀಡಿದ ಹಿಂದಿಯಲ್ಲಿ. ಬಾಗಿಲು ಮಿಸುಕಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತಳು. ತಂಗಿಯನ್ನು ರಮಿಸುವ ಹಾಗೆ, ತನ್ನ ಮನೆಯ ಭೋಜಪುರಿಯಲ್ಲಿ ಪಿಸುಗುಟ್ಟಿದಳು: "ಆವಾ, ಹಮರೇ ಲಗೇ ಬೈಠಾ." ಬಾ, ನನ್ನ ಹತ್ತಿರ ಕೂತುಕೋ.

ಬಾಗಿಲು ತೆರೆಯಿತು. ಅತ್ತೆಯ ಕಣ್ಣುಗಳು ತುಂಬಿದ್ದವು, ತುಟಿಯಲ್ಲಿ ನಗು. "ಈಗ ಬಂದಿ ನೋಡು ದಾರಿಗೆ," ಎಂದಳು. "ಬೈಸಿಕೊಂಡ ಕೂಸು ಮರುದಿವಸ ಬರಂಗಿಲ್ಲ. ಕರೀಲಿಕ್ಕೆ ನೀನ ಹೋಗಬೇಕು. ನಿಮ್ಮವ್ವ ನಿನ್ನ ಹ್ಯಾಂಗ ಕರೀತಾಳ, ಹಂಗ ಕರೀಬೇಕು." ನಾನು ಅದನ್ನು ಹಿಂದಿಗೆ ತಿರುಗಿಸುವ ಮೊದಲೇ ಫೂಲಮತಿ ಬಿಕ್ಕುತ್ತಿದ್ದಳು. ಮನೆಯ ಮಾತು ಹಳ್ಳಿಗರ ಮಾತು, ಪುಸ್ತಕದ ಮುಂದೆ ಆಡಬಾರದ್ದು ಎಂದು ಅವಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅಂದಿನಿಂದ ಮೊದಲ ಪಾಠಗಳೆಲ್ಲ ಆ ಮಾತಿನಲ್ಲೇ ಆದವು. ಉಷಾ ಬಾಯಿ ತೆರೆದದ್ದೂ ಆಗಲೇ. ಅವಳಲ್ಲಿ ಅಜ್ಜಿಯಿಂದ ಕೇಳಿದ ಒಗಟುಗಳು ಲೆಕ್ಕವಿಲ್ಲದಷ್ಟಿದ್ದವು.

ಬೇಸಿಗೆಗೆ ಮುಂಚೆ ಮಿರ್ಜಾಪುರದ ಕಡೆಯಿಂದ ಫೂಲಮತಿಗೆ ಸಂಬಂಧ ಬಂತು. ಅತ್ತೆ ನನ್ನನ್ನು ಕರೆದುಕೊಂಡು ಬಸ್ತಿಗೆ ಹೋದಳು. ರಾಮಧನಿ ದೋಣಿಯ ಬಿರುಕಿಗೆ ಡಾಂಬರು ತುಂಬುತ್ತ ತಲೆ ಎತ್ತದೆ ಕೇಳಿಸಿಕೊಂಡ.

"ಒಂದು ವರ್ಷ ತಡಿ ಅನ್ನು, ಸುಮೀ."

"ಒಳ್ಳೇ ಮನೆ, ಅಮ್ಮಾಜೀ. ಬಿಟ್ಟರೆ ಮತ್ತೆ ಸಿಗೋದಿಲ್ಲ," ಎಂದು ಅವನು ಹಿಂದಿಯಲ್ಲಿ ಹೇಳಿದ. ದನಿಯಲ್ಲಿ ಒರಟುತನ ಇರಲಿಲ್ಲ, ಅದಕ್ಕೇ ವಾದಿಸಲು ಏನೂ ಉಳಿಯಲಿಲ್ಲ. ಮದುವೆಗೆ ಅತ್ತೆ, ಧಾರವಾಡದಿಂದ ತಂದಿದ್ದ ಒಂದೇ ಹೊಸ ಇಳಕಲ್ ಸೀರೆಯನ್ನು ಕೊಟ್ಟು ಬಂದಳು. ಆಮೇಲೆ ಕೆಲವು ದಿನ ಊಟ ಸರಿಯಾಗಿ ಮಾಡಲಿಲ್ಲ.

ಉಷಾ ಮಾತ್ರ ಬರುವುದನ್ನು ಬಿಡಲಿಲ್ಲ. ಜೊತೆಗಾತಿ ಇಲ್ಲದೆ, ಯಾರೂ ಕರೆಯದೆ, ಮಳೆಗಾಲದ ಕೆಂಪು ನೀರಲ್ಲೂ ದಾಟಿ ಬಂದಳು. ಎಲ್ಲರ ಕಣ್ಣು ಫೂಲಮತಿಯ ಮೇಲಿದ್ದಾಗ ಮೂಲೆಯಲ್ಲಿ ಕೂತವಳು ಅಷ್ಟನ್ನೂ ಹೀರಿಕೊಂಡಿದ್ದಳೆಂದು ನಮಗೆ ತಿಳಿದದ್ದು ದಸರೆ ಕಳೆದು ಅವಳು ಬಸ್ತಿಯಲ್ಲಿ ಶಾಲೆ ಶುರುಮಾಡಿದಾಗ. ತನ್ನ ಮನೆಯ ಜಗಲಿ ಬಿಟ್ಟುಕೊಟ್ಟವನು ರಾಮಧನಿ. ಯಾರೂ ಕೇಳಿರಲಿಲ್ಲ, ತಾನೇ ಗುಡಿಸಿ ಸಾರಿಸಿ ಕೊಟ್ಟಿದ್ದ. ಮೊದಲ ದಿನ ಅತ್ತೆ ಮಕ್ಕಳ ಸಾಲಿನ ಕೊನೆಗೆ ಕೂತಳು. ಉಷಾ ಒಂದು ಒಗಟು ಹಾಕಿದಳು, ಮಕ್ಕಳೆಲ್ಲ ಒಟ್ಟಿಗೆ ಉತ್ತರ ಕೂಗಿದರು. ನನಗೆ ಅನುವಾದಿಸಲು ಏನೂ ಉಳಿದಿರಲಿಲ್ಲ. ತವರಿಗೆ ಬಂದಾಗಲೆಲ್ಲ ಫೂಲಮತಿಯೂ ಜಗಲಿಯ ಮೇಲೆ ಕೂತು ಪಾಠ ಹೇಳಿ ಹೋಗುತ್ತಿದ್ದಳಂತೆ.

ಒಂದು ಮಾಘದಲ್ಲಿ, ಕೆಲವು ದಿನಗಳ ಜ್ವರದಲ್ಲಿ, ಶಾಂತತ್ತೆ ಹೋದಳು. ಸುದ್ದಿ ನದಿಯಾಚೆಗೂ ಮುಟ್ಟಿತ್ತು. ಬಸ್ತಿಯ ಗಂಡಸರು ಬಂದು ಹೆಗಲು ಕೊಟ್ಟರು. ಉಷಾ ಬರಲಿಲ್ಲ. "ಇಷ್ಟೆಲ್ಲಾ ಮಾಡಿದ್ರು, ಹುಡುಗಿ ಮಾರಿ ಸೈತ ತೋರಸಲಿಲ್ಲ," ಎಂದು ಅವ್ವ ನೊಂದುಕೊಂಡಳು. ಸಂಜೆ ರಾಮಧನಿ ಮತ್ತೆ ಬಂದು ಅಂಗಳದಲ್ಲಿ ಕೂತು ಹೇಳಿದ. ಉಷಾ ಬೆಳಿಗ್ಗೆ ಹೊರಡಲು ದೋಣಿ ಹತ್ತಿದ್ದಳಂತೆ. ಮಕ್ಕಳು ಹಿಂದೆಯೇ ದಂಡೆಗೆ ಓಡಿಬಂದು, ಇವತ್ತು ಪಾಠ ಇಲ್ಲವಾ ಎಂದು ಕೇಳಿದರಂತೆ. ಅವಳು ದೋಣಿಯಿಂದ ಇಳಿದು ಜಗಲಿಗೆ ಹೋದಳಂತೆ. "ದಿನ್ ಭರ್ ರೋತೀ ರಹೀ, ದಿನ್ ಭರ್ ಪಢಾತೀ ರಹೀ," ಎಂದ ರಾಮಧನಿ. ದಿನವಿಡೀ ಅತ್ತಳು, ದಿನವಿಡೀ ಪಾಠ ಹೇಳಿದಳು.

ಅಪ್ಪ ಚಿತೆ ಉರಿದ ಹರಿಶ್ಚಂದ್ರ ಘಾಟಿನಲ್ಲಿ ಅತ್ತಿರಲಿಲ್ಲವಂತೆ. ರಾಮಧನಿಯ ಮಾತು ಕೇಳಿ ಕಂಬಕ್ಕೆ ತಲೆ ಆನಿಸಿ ಅತ್ತ.

ಆ ಮನೆ ಈಗಿಲ್ಲ. ಅಲ್ಲೊಂದು ದವಾಖಾನೆ ಎದ್ದಿದೆ ಎಂದು ಹೋಗಿಬಂದವರು ಹೇಳಿದರು. ಅಪ್ಪ, ಅವ್ವ ಇಬ್ಬರೂ ತೀರಿಹೋದರು. ನಮ್ಮ ಕಡೆಯಲ್ಲಿ ಶಾಂತತ್ತೆಯ ದನಿ ನೆನಪಿರುವವಳು ನಾನೊಬ್ಬಳೇ. ನದಿಯಾಚೆ ಇನ್ನೂ ಕೆಲವರಿದ್ದಾರೆ. ಅಂದು ಜಗಲಿಯಲ್ಲಿ ಕೂತ ಆ ಮಕ್ಕಳ ಮಕ್ಕಳೂ ಈಗ ಅಕ್ಷರ ಕಲಿಯುವ ವಯಸ್ಸಿಗೆ ಬಂದಿರಬೇಕು.